ಎಂಟೂವರೆಯ ಗೇಟು: ಕೊಡಗಿನಿಂದ ಮೃಗಾಲಯಕ್ಕೆ ಹೊರಡುವ ಮುನ್ನ

ಕೊಡಗಿನ ಮಗುವಿಗೆ ಆನೆ ಎಂದರೆ ಚಿತ್ರಪುಸ್ತಕದ ಪ್ರಾಣಿಯಲ್ಲ. ಹಿತ್ತಲಿನ ಬಾಳೆ ರಾತ್ರೋರಾತ್ರಿ ನೆಲಸಮವಾದದ್ದು ಆನೆಯಿಂದ, ತೋಟಕ್ಕೆ ಕೆಲಸದವರು ಆ ದಿನ ತಡವಾಗಿ ಇಳಿದದ್ದು ಆನೆಯಿಂದ, ಸಂಜೆ ಆರರ ಮೇಲೆ ಅಂಗಳ ದಾಟಬೇಡ ಎಂದು ಅಜ್ಜಿ ಗದರಿಸುವುದೂ ಆನೆಯಿಂದಲೇ. ದಕ್ಷಿಣ ಕೊಡಗಿನ ಕಡೆಗೆ ಹೋದರೆ ಹುಲಿಯದ್ದೂ ಇದೇ ಕಥೆ. ಅಲ್ಲಿನ ಮಕ್ಕಳು ಹುಲಿಯನ್ನು ಕಂಡಿರುವುದಿಲ್ಲ, ಹುಲಿ ಹಿಡಿದ ಹಸುವನ್ನು ಕಂಡಿರುತ್ತಾರೆ. ಹೀಗೆ ಕಾಡಿನ ಅಂಚಿನಲ್ಲೇ ಬೆಳೆಯುವ ಮಗುವನ್ನು ನೂರಿಪ್ಪತ್ತು ಕಿಲೋಮೀಟರು ಕರೆದುಕೊಂಡು ಹೋಗಿ ಮೈಸೂರಿನ ಮೃಗಾಲಯ ತೋರಿಸುವುದು ಯಾಕೆ ಎಂದು ಕೇಳುವವರಿದ್ದಾರೆ. ಕಾರಣ ಸರಳ. ಅಪಾಯವೆಂದೋ ನಷ್ಟವೆಂದೋ ಮಾತ್ರ ಗೊತ್ತಿರುವ ಪ್ರಾಣಿಯನ್ನು ಹೆದರದೆ, ಓಡದೆ, ಕಾಲು ಗಂಟೆ ನಿಂತು ನೋಡಲು ಆ ಮಗುವಿಗೆ ಬೇರೆ ಜಾಗವಿಲ್ಲ.

ಆದರೆ ಇಲ್ಲಿಂದ ಹೊರಡುವ ಬಹುತೇಕ ಪ್ರವಾಸಗಳಲ್ಲಿ ಆ ಕಾಲು ಗಂಟೆಯೇ ಸಿಗುವುದಿಲ್ಲ. ಏಳಕ್ಕೆ ತಿಂಡಿ, ಎಂಟಕ್ಕೆ ಕಾರು, ದಾರಿಯಲ್ಲಿ ಎರಡು ಕಡೆ ಕಾಫಿ, ಹನ್ನೊಂದೂವರೆಗೆ ಟಿಕೆಟ್ ಕೌಂಟರಿನ ಸಾಲು. ಒಳಗೆ ಹೋಗುವಾಗ ಬಿಸಿಲು ನೆತ್ತಿಯ ಮೇಲಿರುತ್ತದೆ. ಹುಲಿ ಮರದ ಬುಡದಲ್ಲಿ ಬೆನ್ನು ತಿರುಗಿಸಿ ಮಲಗಿರುತ್ತದೆ, ಚಿರತೆ ಎಲ್ಲಿದೆ ಎಂದೇ ಕಾಣುವುದಿಲ್ಲ, ಕರಡಿ ಗುಹೆಯೊಳಗಿರುತ್ತದೆ. ಮಗು ಐಸ್‌ಕ್ರೀಮಿಗೆ ಅಳುತ್ತದೆ. ಎರಡು ಗಂಟೆಗೆ ಹೊರಬಂದವರು ಅರಮನೆಗೂ ಹೋಗಿ, ಬೆಟ್ಟಕ್ಕೂ ಹೋಗಿ, ರಾತ್ರಿ ಹತ್ತಕ್ಕೆ ಮನೆ ಸೇರುತ್ತಾರೆ. ಇಲ್ಲಿ ತಪ್ಪು ಮೃಗಾಲಯದ್ದಲ್ಲ, ಗಡಿಯಾರದ್ದು. ಆದ್ದರಿಂದ ಈ ಬರಹದ ಹೆಚ್ಚಿನ ಪಾಲು ಗಡಿಯಾರದ ಬಗ್ಗೆಯೇ ಇದೆ.

ಮೊದಲ ಒಂದೂವರೆ ಗಂಟೆ

ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯ ಬೆಳಿಗ್ಗೆ 8.30ಕ್ಕೆ ತೆರೆದು ಸಂಜೆ 5.30ಕ್ಕೆ ಮುಚ್ಚುತ್ತದೆ. ಮಂಗಳವಾರ ರಜೆ. ಈ ಒಂಬತ್ತು ಗಂಟೆಗಳೆಲ್ಲ ಒಂದೇ ತೂಕದವಲ್ಲ. ರಾತ್ರಿ ಕೂಡಿಹಾಕುವ ಮನೆಯಿಂದ ಬೆಳಿಗ್ಗೆ ಬಯಲಿಗೆ ಬಿಟ್ಟ ಹೊತ್ತಿನಲ್ಲಿ ಪ್ರಾಣಿಗಳು ಚುರುಕಾಗಿರುತ್ತವೆ. ಹುಲಿ ತನ್ನ ಆವರಣದ ಅಂಚಿನುದ್ದಕ್ಕೂ ಒಂದು ಸುತ್ತು ಬಂದು, ಮೂಸಿ, ಮರಕ್ಕೆ ಉಗುರು ಕೆರೆದು, ಗುರುತಿನ ವಾಸನೆ ಬಿಡುತ್ತದೆ. ಸಿಂಗಳೀಕಗಳು, ಲಂಗೂರಗಳು ಬಿಸಿಲು ಕಾಯುತ್ತ ಒಂದರ ಮೈ ಒಂದು ಹೆಕ್ಕುತ್ತವೆ. ಆನೆಗೆ ಮೇವು ಬಿದ್ದಿರುತ್ತದೆ. ಹತ್ತು ಗಂಟೆ ಕಳೆದ ಮೇಲೆ ಬಿಸಿಲು ಏರಿದಂತೆ ಒಂದೊಂದೇ ನೆರಳಿಗೆ ಸರಿದು ಕಣ್ಣು ಮುಚ್ಚುತ್ತವೆ. ದೊಡ್ಡ ಬೆಕ್ಕಿನ ಜಾತಿಯವು ದಿನದ ಹೆಚ್ಚಿನ ಪಾಲು ಮಲಗಿಯೇ ಕಳೆಯುವಂಥವು. ಕಾಡಿನಲ್ಲೂ ಹಾಗೆಯೇ, ಇಲ್ಲೂ ಹಾಗೆಯೇ.

ಆದ್ದರಿಂದ ಲೆಕ್ಕವನ್ನು ಗೇಟಿನಿಂದ ಹಿಂದಕ್ಕೆ ಹಾಕಬೇಕು. 8.15ಕ್ಕೆ ಗೇಟಿನ ಮುಂದಿರಬೇಕೆಂದರೆ ಮಡಿಕೇರಿಯಿಂದ ಕಾರಿನಲ್ಲಿ ಬೆಳಿಗ್ಗೆ 5ಕ್ಕೆ ಹೊರಡಬೇಕು. ದಾರಿ ಸುಮಾರು 120 ಕಿ.ಮೀ., ಒಂದು ನಿಲುಗಡೆ ಸೇರಿ ಮೂರು ಗಂಟೆ ಎಂದಿಟ್ಟುಕೊಳ್ಳಿ, ಕಾಲು ಗಂಟೆ ಕೈಯಲ್ಲಿರಲಿ. ಕುಶಾಲನಗರದವರಿಗೆ 6 ಗಂಟೆ ಸಾಕು. ವಿರಾಜಪೇಟೆಯವರು ಗೋಣಿಕೊಪ್ಪ, ತಿತಿಮತಿ, ಹುಣಸೂರು ಮಾರ್ಗದಲ್ಲಿ ಬರುವುದಾದರೆ 5.15ರ ಆಸುಪಾಸಿಗೆ ಹೊರಡಬೇಕು. ಭಾಗಮಂಡಲ, ನಾಪೋಕ್ಲು ಕಡೆಯವರು ಇದಕ್ಕೆ ಇನ್ನೊಂದು ಗಂಟೆ ಸೇರಿಸಿಕೊಳ್ಳಬೇಕು. ಅಂದರೆ ಮಕ್ಕಳನ್ನು ಮೂರೂವರೆಗೆ ಎಬ್ಬಿಸಬೇಕು. ಅದು ಆಗದ ಮಾತು. ಎಬ್ಬಿಸಿದರೂ ಹತ್ತು ಗಂಟೆಯ ಹೊತ್ತಿಗೆ ಮಗು ಪ್ರಾಣಿಗಳಿಗಿಂತ ಮೊದಲೇ ತೂಕಡಿಸುತ್ತದೆ. ಅಂಥ ದೂರದವರು ಹಿಂದಿನ ಸಂಜೆಯೇ ಮೈಸೂರಿಗೋ ಹುಣಸೂರಿಗೋ ಬಂದು ಉಳಿದುಕೊಳ್ಳುವುದು ಒಳ್ಳೆಯದು. ಮೈಸೂರಿನಲ್ಲಿ ನೆಂಟರ ಮನೆ ಇಲ್ಲದ ಕೊಡಗಿನ ಕುಟುಂಬ ಕಡಿಮೆ.

ಡಿಸೆಂಬರ್, ಜನವರಿಯಲ್ಲಿ ಮಂಜಿಗೆ ಅರ್ಧ ಗಂಟೆ ಹೆಚ್ಚು ಇಡಿ. ಮಡಿಕೇರಿಯಿಂದ ಸುಂಟಿಕೊಪ್ಪದ ತನಕ ಬೆಳಗಿನ ಜಾವ ಎದುರಿನ ಲಾರಿ ಹತ್ತಿರ ಬರುವವರೆಗೂ ಕಾಣದ ದಿನಗಳಿರುತ್ತವೆ. ಹೈಬೀಮ್ ಹಾಕಿದರೆ ಮಂಜೇ ಬೆಳಗಿ ಕಣ್ಣಿಗೆ ಹೊಡೆಯುತ್ತದೆ. ಲೋಬೀಮಿನಲ್ಲಿ, ರಸ್ತೆಯ ಬಿಳಿ ಪಟ್ಟಿ ಹಿಡಿದು, ನಿಧಾನವಾಗಿ ಬನ್ನಿ.

ಬೆಳಿಗ್ಗೆ ಖಂಡಿತ ಆಗುವುದಿಲ್ಲ ಎನ್ನುವವರು ಮಧ್ಯಾಹ್ನ ಹನ್ನೊಂದಕ್ಕೆ ಹೋಗುವ ಬದಲು 2.30ಕ್ಕೆ ಒಳಗೆ ಹೋಗಿ. ಮೂರೂವರೆಯ ನಂತರ ಪ್ರಾಣಿಗಳು ಮತ್ತೆ ಏಳುತ್ತವೆ. ರಾತ್ರಿಯ ಮನೆಗೆ ಕರೆಯುವ ಹೊತ್ತು, ಊಟದ ಹೊತ್ತು ಹತ್ತಿರವಾದಂತೆ ಬಾಗಿಲ ಬಳಿ ಓಡಾಟ ಜಾಸ್ತಿಯಾಗುತ್ತದೆ. ಆದರೆ ಒಂದು ಎಚ್ಚರ ಬೇಕು. ಮುಚ್ಚುವ ಸಮಯಕ್ಕೆ ಮುಂಚೆಯೇ ಕೆಲವನ್ನು ಒಳಗೆ ಸೇರಿಸಿಬಿಡುತ್ತಾರೆ, ಟಿಕೆಟ್ ಕೌಂಟರ್ ಕೂಡ ಮೊದಲೇ ಮುಚ್ಚುತ್ತದೆ. ಐದು ಗಂಟೆಗೆ ಹುಲಿ ನೋಡೋಣ ಎಂದು ಕೊನೆಗೆ ಉಳಿಸಿಕೊಂಡರೆ ಖಾಲಿ ಬಯಲನ್ನು ನೋಡಬೇಕಾದೀತು.

ಯಾವ ದಿನ, ಯಾವ ತಿಂಗಳು

ಮೈಸೂರು, ಬನ್ನೇರುಘಟ್ಟ, ಶಿವಮೊಗ್ಗದ ತ್ಯಾವರೆಕೊಪ್ಪ ಮೂರಕ್ಕೂ ಮಂಗಳವಾರ ರಜೆ. ಮಂಗಳೂರಿನ ಪಿಲಿಕುಳಕ್ಕೆ ಸೋಮವಾರ. ವಾರಕ್ಕೊಂದು ದಿನ ಜನರಿಗೆ ಮುಚ್ಚಿರಬೇಕು ಎನ್ನುವುದು ದೇಶದ ಮೃಗಾಲಯ ನಿಯಮಗಳಲ್ಲೇ ಇದೆ. ಆ ದಿನ ಪ್ರಾಣಿಗಳಿಗೆ ಜನರ ಗದ್ದಲದಿಂದ ಬಿಡುವು, ಸಿಬ್ಬಂದಿಗೆ ದುರಸ್ತಿಯ ಕೆಲಸ. ಮಾಂಸ ತಿನ್ನುವ ದೊಡ್ಡ ಪ್ರಾಣಿಗಳಿಗೆ ವಾರಕ್ಕೊಂದು ಉಪವಾಸವೂ ಸಾಮಾನ್ಯವಾಗಿ ಅಂದೇ. ದಸರಾ ಮತ್ತು ಬೇಸಿಗೆ ರಜೆಯಲ್ಲಿ ಕೆಲವು ಮಂಗಳವಾರ ಮೈಸೂರಿನಲ್ಲಿ ತೆರೆದಿಡುವುದುಂಟು. ಆ ವರ್ಷದ ಪ್ರಕಟಣೆ ನೋಡದೆ ನಂಬಬೇಡಿ.

ತಿಂಗಳ ಆಯ್ಕೆಯಲ್ಲಿ ಕೊಡಗಿನ ತೊಡಕು ಬೇರೆ ಊರಿನದಲ್ಲ. ಹವೆ ಚೆನ್ನಾಗಿರುವ ನವೆಂಬರಿನಿಂದ ಫೆಬ್ರವರಿಯ ತನಕ ತೋಟದಲ್ಲಿ ಕೊಯ್ಲು. ಮೊದಲು ಅರೇಬಿಕಾ, ಅದರ ಬೆನ್ನಿಗೇ ರೋಬಸ್ಟಾ. ಕಣದಲ್ಲಿ ಕಾಫಿ ಹರಡಿಟ್ಟು ಮನೆಯವರೆಲ್ಲ ಒಟ್ಟಿಗೆ ಹೊರಡುವಂತಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ತೋಟ ಸ್ವಲ್ಪ ಸುಮ್ಮನಾಗುವ ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳಿಗೆ ರಜೆಯೇನೋ ಇರುತ್ತದೆ, ಆದರೆ ಮೈಸೂರಿನಲ್ಲಿ ಕಾಯುವ ಬಿಸಿಲು. ಮಡಿಕೇರಿಯ ತಂಪಿಗೆ ಹೊಂದಿಕೊಂಡ ಮಗು ಆ ಬಿಸಿಲಿಗೆ ಬೇಗ ಸೋಲುತ್ತದೆ. ಹಾಗೆ ನೋಡಿದರೆ ಅತ್ಯುತ್ತಮ ಕಿಟಕಿಗಳು ಎರಡು. ಒಂದು, ಸುಗ್ಗಿಯ ಹಬ್ಬ ಹುತ್ತರಿ ಮುಗಿದು ಕೊಯ್ಲು ಪೂರ್ತಿ ಬಿರುಸಾಗುವ ಮುನ್ನದ ಒಂದೆರಡು ವಾರ. ಇನ್ನೊಂದು, ಮಳೆಗಾಲದ ನಡುವಿನ ಹೊಳವು. ಜುಲೈ, ಆಗಸ್ಟಿನಲ್ಲಿ ಕೊಡಗು ತೊಪ್ಪೆಯಾಗಿದ್ದರೂ ಮೈಸೂರಿನಲ್ಲಿ ಬರೀ ಮೋಡ, ತುಂತುರು. ಪ್ರಾಣಿಗಳು ಮಧ್ಯಾಹ್ನವೂ ಎದ್ದಿರುತ್ತವೆ, ಜನ ಕಡಿಮೆ. ಮಳೆಯಿಂದಾಗಿ ಕೊಡಗಿನ ಶಾಲೆಗಳಿಗೆ ದಿಢೀರ್ ರಜೆ ಸಿಗುವುದೂ ಆಗಲೇ. ಆದರೆ ರೆಡ್ ಅಲರ್ಟ್ ಇರುವ ದಿನ ಘಾಟಿ ರಸ್ತೆಗೆ ಮಕ್ಕಳನ್ನು ಕರೆದುಕೊಂಡು ಇಳಿಯುವುದು ತಪ್ಪು. ಹೊಳವಾದ ದಿನಕ್ಕೆ ಕಾಯಿರಿ.

ದಸರಾ ರಜೆಯ ದಿನಗಳನ್ನು ಮಾತ್ರ ಬಿಟ್ಟುಬಿಡಿ. ಮೆರವಣಿಗೆ, ವಸ್ತುಪ್ರದರ್ಶನ ನೋಡಲು ಬಂದವರೆಲ್ಲ ಮೃಗಾಲಯಕ್ಕೂ ಬರುತ್ತಾರೆ. ಆಗ ಚಿಕ್ಕ ಮಗು ನೋಡುವುದು ದೊಡ್ಡವರ ಬೆನ್ನುಗಳನ್ನು.

ಹೊರಡುವ ಹಿಂದಿನ ದಿನ ಇನ್ನೊಂದು ವಿಷಯ ವಿಚಾರಿಸಬೇಕು: ಮೃಗಾಲಯ ತೆರೆದಿದೆಯೇ ಎಂದು. ಹಕ್ಕಿಜ್ವರ ಕಾಣಿಸಿಕೊಂಡದ್ದರಿಂದ 2017ರ ಜನವರಿಯಲ್ಲಿ ಮೈಸೂರು ಮೃಗಾಲಯ ಒಂದು ತಿಂಗಳು ಮುಚ್ಚಿತ್ತು. ಮನೆಯಲ್ಲಿ ಕೋಳಿ ಸಾಕಿದವರು, ಅದರಲ್ಲೂ ಕೋಳಿಗಳು ಕಾಯಿಲೆ ಬಿದ್ದಿರುವಾಗ, ಗೂಡಿಗೆ ಹಾಕಿಕೊಂಡು ಹೋಗುವ ಚಪ್ಪಲಿಯಲ್ಲೇ ಮೃಗಾಲಯಕ್ಕೆ ಹೋಗಬಾರದು. ಸೋಂಕು ಕಾಲಿನ ಮಣ್ಣಿನಲ್ಲೂ ಪ್ರಯಾಣ ಮಾಡುತ್ತದೆ.

ದಾರಿ ಮತ್ತು ವಾಂತಿ

ಮಡಿಕೇರಿಯಿಂದ ಕುಶಾಲನಗರದ ತನಕದ ಸುಮಾರು 30 ಕಿ.ಮೀ. ತಿರುವುಗಳಲ್ಲೇ ಮಕ್ಕಳ ಗತಿ ನಿರ್ಧಾರವಾಗುತ್ತದೆ. ಅಲ್ಲಿ ವಾಂತಿಯಾದರೆ ಮಗು ಮಧ್ಯಾಹ್ನದ ತನಕ ಬಾಡಿದ ಸೊಪ್ಪು. ಕಿವಿಯೊಳಗಿನ ಸಮತೋಲನದ ಅಂಗ ‘ತಿರುಗುತ್ತಿದ್ದೇವೆ’ ಎನ್ನುತ್ತದೆ, ಮೊಬೈಲಿನಲ್ಲೋ ಮುಂದಿನ ಸೀಟಿನ ಬೆನ್ನಿನಲ್ಲೋ ನೆಟ್ಟ ಕಣ್ಣು ‘ಇಲ್ಲ, ಕೂತಿದ್ದೇವೆ’ ಎನ್ನುತ್ತದೆ. ಈ ಜಗಳವೇ ಹೊಟ್ಟೆ ತೊಳಸುವುದಕ್ಕೆ ಕಾರಣ. ಮಗುವನ್ನು ಹಿಂದಿನ ಸೀಟಿನ ನಡುವೆ, ಮುಂದಿನ ರಸ್ತೆ ಕಾಣುವಷ್ಟು ಎತ್ತರದಲ್ಲಿ ಕೂರಿಸಿ ಬೆಲ್ಟ್ ಹಾಕಿ. ಮೊಬೈಲ್ ಕುಶಾಲನಗರ ದಾಟುವ ತನಕ ಬೇಡ. ಕಿಟಕಿ ಎರಡು ಬೆರಳಿನಷ್ಟು ತೆರೆದಿರಲಿ.

ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಹೊರಡುವ ಮುನ್ನ ಒಣ ಅಕ್ಕಿರೊಟ್ಟಿ ಅರ್ಧ, ಒಂದೆರಡು ಗುಟುಕು ನೀರು. ಹಾಲು, ತುಪ್ಪ, ಹಂದಿ ಸಾರಿನ ಉಳಿಕೆ ಯಾವುದೂ ಬೇಡ. ಸರಿಯಾದ ತಿಂಡಿಯನ್ನು ಹುಣಸೂರಿನ ಆಸುಪಾಸಿನಲ್ಲಿ, ರಸ್ತೆ ನೇರವಾದ ಮೇಲೆ ಕೊಡಿ. ಅಕ್ಕಿತರಿಯ ಪಾಪುಟ್ಟನ್ನು ತುಂಡು ಮಾಡಿ ಬಾಳೆಲೆಯಲ್ಲಿ ಸುತ್ತಿ ತಂದರೆ ಕೈಗೆ ಅಂಟುವುದಿಲ್ಲ, ಹೋಟೆಲಿಗಾಗಿ ಮುಕ್ಕಾಲು ಗಂಟೆ ಕಳೆಯುವುದೂ ಇಲ್ಲ. ಔಷಧಿ ಕೊಡಲೇಬೇಕಾದ ಮಕ್ಕಳಿಗೆ ತೂಕಕ್ಕೆ ತಕ್ಕ ಪ್ರಮಾಣವನ್ನು ವೈದ್ಯರಿಂದ ಮೊದಲೇ ಕೇಳಿಕೊಂಡು, ಹೊರಡುವ ಅರ್ಧದಿಂದ ಒಂದು ಗಂಟೆ ಮುಂಚೆ ಕೊಡಬೇಕು. ವಾಂತಿ ಶುರುವಾದ ಮೇಲೆ ಕೊಟ್ಟ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಬಹುತೇಕ ಮಾತ್ರೆಗಳು ನಿದ್ದೆ ತರಿಸುತ್ತವೆ. ಬೆಳಿಗ್ಗೆ ಐದರ ಪ್ರಯಾಣಕ್ಕೆ ಅದೂ ಒಂದು ಅನುಕೂಲವೇ.

ಬಸ್ಸಿನಲ್ಲಿ ಬರುವವರು ಮೈಸೂರು ಸಬರ್ಬನ್ ನಿಲ್ದಾಣದಲ್ಲಿಳಿದು ಆಟೊ ಹಿಡಿದರೆ ಎರಡು ಕಿಲೋಮೀಟರಿನ ಆಜುಬಾಜು. ಆದರೆ ಬಸ್ಸಿಗೆ ಕಾರಿಗಿಂತ ಹೆಚ್ಚು ಹೊತ್ತು ಬೇಕಾದ್ದರಿಂದ, ಬಸ್ಸಿನವರಿಗೆ ಮೇಲೆ ಹೇಳಿದ ಮಧ್ಯಾಹ್ನದ ಯೋಜನೆ ಮತ್ತು ಒಂದು ರಾತ್ರಿಯ ತಂಗುವಿಕೆಯೇ ಹೊಂದುತ್ತದೆ.

ಚೀಲ

ಮೃಗಾಲಯದೊಳಗೆ ಪ್ಲಾಸ್ಟಿಕ್ ನಿಷೇಧ. ಗೇಟಿನಲ್ಲಿ ಚೀಲ ತಪಾಸಣೆ ಮಾಡುತ್ತಾರೆ, ನೀರಿನ ಬಾಟಲಿಗೆ ಠೇವಣಿ ಕಟ್ಟಿಸಿಕೊಂಡು ಸ್ಟಿಕ್ಕರ್ ಅಂಟಿಸುವ ಪದ್ಧತಿ ಇದೆ. ಚಿಪ್ಸ್ ಪೊಟ್ಟಣ, ಬಿಸ್ಕತ್ತಿನ ಕವರುಗಳಿಂದ ಆ ಸಾಲಿನಲ್ಲಿ ಹತ್ತು ನಿಮಿಷ ಕಳೆಯುವವರೇ ಹೆಚ್ಚು, ಅದೂ ದಿನದ ಅತ್ಯಂತ ಬೆಲೆಬಾಳುವ ಹತ್ತು ನಿಮಿಷ. ಸ್ಟೀಲ್ ಬಾಟಲಿಯಲ್ಲಿ ತಲೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ನೀರು, ಒಂದು ಬಟ್ಟೆಯ ಟೋಪಿ, ಒಂದು ಕರವಸ್ತ್ರ, ಅಜ್ಜ ಅಜ್ಜಿಯ ಮಾತ್ರೆ. ಇಷ್ಟೇ ಸಾಕು. ಬುತ್ತಿ ಕಾರಿನಲ್ಲಿರಲಿ, ಹೊರಬಂದ ಮೇಲೆ ಊಟ. ಮಳೆಗಾಲದಲ್ಲಿ ಮಕ್ಕಳಿಗೆ ಕೊಡೆಗಿಂತ ರೇನ್‌ಕೋಟು ಮೇಲು. ಕೊಡೆ ಹಿಡಿದ ಮಗು ಕೊಡೆಯನ್ನೇ ನೋಡಿಕೊಂಡು ನಡೆಯುತ್ತದೆ, ಹಿಂದಿನವರಿಗೂ ಏನೂ ಕಾಣುವುದಿಲ್ಲ.

ಟಿಕೆಟನ್ನು ಆನ್‌ಲೈನಿನಲ್ಲಿ ಹಿಂದಿನ ದಿನವೇ ತೆಗೆದುಕೊಳ್ಳಬಹುದು. ವಾರಾಂತ್ಯಕ್ಕೆ ದರ ಸ್ವಲ್ಪ ಹೆಚ್ಚು. ಪಕ್ಕದ ಕಾರಂಜಿ ಕೆರೆಗೂ ಸೇರಿದ ಟಿಕೆಟ್ ಸಿಗುತ್ತದೆ. ಅದನ್ನೇ ತೆಗೆದುಕೊಳ್ಳಿ, ಕಾರಣ ಮುಂದೆ ಹೇಳುತ್ತೇವೆ.

ಮಗುವಿನ ಮುಂಗೈ ಮೇಲೆ ಪೆನ್ನಿನಿಂದ ಮನೆಯವರ ಮೊಬೈಲ್ ನಂಬರ್ ಬರೆಯಿರಿ. ತಪ್ಪಿಸಿಕೊಂಡರೆ ಹುಡುಕಿಕೊಂಡು ಓಡಬಾರದು, ಇದ್ದಲ್ಲೇ ನಿಂತು ಖಾಕಿ ಬಟ್ಟೆಯವರಿಗೆ ಕೈ ತೋರಿಸಬೇಕು ಎಂದು ಹೇಳಿಕೊಡಿ. ಎರಡು ಮೂರು ಮನೆಯವರು ಸೇರಿ ಹೋಗುವಾಗ ‘ಮಕ್ಕಳನ್ನು ಎಲ್ಲರೂ ನೋಡಿಕೊಳ್ಳೋಣ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಈ ಮಗು ಚಿಕ್ಕಪ್ಪನ ಪಾಲು, ಆ ಮಗು ಅತ್ತೆಯ ಪಾಲು ಎಂದು ಕಾರಿಳಿಯುವ ಮೊದಲೇ ಹಂಚಿಬಿಡಿ.

ಎಲ್ಲವನ್ನೂ ನೋಡಬೇಡಿ

157 ಎಕರೆಯ ಮೃಗಾಲಯವದು. ಬಾಣದ ಗುರುತು ಹಿಡಿದು ಸುತ್ತಿದರೆ ಸುಮಾರು ಮೂರು ಕಿಲೋಮೀಟರ್. ಆರು ವರ್ಷದ ಮಗುವಿನ ಕಾಲು ಮತ್ತು ಗಮನ ಎರಡೂ ಸುಮಾರು ಎರಡೂವರೆ ಗಂಟೆಗೆ ಮುಗಿಯುತ್ತವೆ. ನೂರು ಆವರಣಗಳಿಗೆ ತಲಾ ಒಂದೊಂದು ನಿಮಿಷ ಹಂಚಿದರೆ ಮನೆಗೆ ಬಂದ ಮೇಲೆ ಒಂದೂ ನೆನಪಿರುವುದಿಲ್ಲ. ಹೊರಡುವ ಹಿಂದಿನ ರಾತ್ರಿ ಮಗುವಿನ ಜೊತೆ ಕೂತು ಎಂಟೋ ಹತ್ತೋ ಪ್ರಾಣಿಗಳನ್ನು ಆರಿಸಿಕೊಳ್ಳಿ. ಅವುಗಳ ಮುಂದೆ ಹತ್ತು ನಿಮಿಷವಾದರೂ ನಿಲ್ಲುವುದು, ಉಳಿದವು ದಾರಿಯಲ್ಲಿ ಕಂಡಷ್ಟು.

ಕೊಡಗಿನ ಮಕ್ಕಳಿಗಾದರೆ ಆಯ್ಕೆ ಹೀಗಿರಬಹುದು. ಊರಿನಲ್ಲಿ ಕೇಳಿ ಮಾತ್ರ ಗೊತ್ತಿರುವ ಹುಲಿ, ಚಿರತೆ, ಕಾಟಿ (ಕಾಡುಕೋಣ). ಊರಿನಲ್ಲಿ ಇರಲು ಸಾಧ್ಯವೇ ಇಲ್ಲದ ಜಿರಾಫೆ, ಗೊರಿಲ್ಲಾ, ಒರಾಂಗುಟಾನ್. ಊರಿನ ಪ್ರಾಣಿಯ ದೂರದ ನೆಂಟ ಆಫ್ರಿಕಾದ ಆನೆ.

ಆ ಕೊನೆಯದಕ್ಕೆ ಹೆಚ್ಚು ಹೊತ್ತು ಕೊಡಿ. ಆನೆಯ ವಿಷಯದಲ್ಲಿ ಕೊಡಗಿನ ಮಗುವೇ ಪಂಡಿತ, ಅದಕ್ಕೇ ವ್ಯತ್ಯಾಸ ಹುಡುಕಲು ಬಿಡಿ. ಆಫ್ರಿಕಾದ್ದರ ಕಿವಿ ಹೆಗಲನ್ನೇ ಮುಚ್ಚುವಷ್ಟು ದೊಡ್ಡದು. ನಮ್ಮ ಆನೆಯ ಬೆನ್ನು ಮೇಲಕ್ಕೆ ಉಬ್ಬಿದ್ದರೆ ಅದರ ಬೆನ್ನು ನಡುವೆ ತಗ್ಗಿದೆ. ನಮ್ಮದರ ನೆತ್ತಿಯಲ್ಲಿ ಎರಡು ಉಬ್ಬು, ಅದರದ್ದು ಒಂದೇ. ನಮ್ಮದರ ಸೊಂಡಿಲ ತುದಿಗೆ ಒಂದು ಬೆರಳಾದರೆ ಅದಕ್ಕೆ ಎರಡು. ನಮ್ಮಲ್ಲಿ ಹೆಣ್ಣಾನೆಗೆ ಉದ್ದ ದಂತವಿಲ್ಲ, ಅಲ್ಲಿ ಹೆಣ್ಣಿಗೂ ಇರುತ್ತದೆ. ಸೊಂಡಿಲು ಹುಲ್ಲನ್ನು ಹೇಗೆ ಎತ್ತುತ್ತದೆ ಎನ್ನುವುದೊಂದನ್ನೇ ಐದು ನಿಮಿಷ ನೋಡಿದರೆ ಆ ಬೆರಳಿನ ಲೆಕ್ಕ ತಾನಾಗಿ ಗೊತ್ತಾಗುತ್ತದೆ. ಜಿರಾಫೆಯ ಮುಂದೆ ಅದರ ನಾಲಿಗೆ ಹೊರಬರುವ ತನಕ ಕಾಯಿರಿ. ಸುಮಾರು 45 ಸೆಂ.ಮೀ. ಉದ್ದದ, ಕಪ್ಪು ನೇರಳೆ ಬಣ್ಣದ ನಾಲಿಗೆ ಅದು. ಮೆಲುಕು ಹಾಕುವಾಗ ಕುತ್ತಿಗೆಯುದ್ದಕ್ಕೂ ಒಂದು ಉಂಡೆ ಮೇಲೇರಿ ಬರುವುದನ್ನು ಕಣ್ಣಾರೆ ಕಾಣಬಹುದು. ಮನೆಯ ಹಸು ಮೆಲುಕು ಹಾಕುವುದನ್ನು ಕಂಡ ಮಗು ಥಟ್ಟನೆ ಗುರುತಿಸುತ್ತದೆ.

2021ರಲ್ಲಿ ಜರ್ಮನಿಯಿಂದ ಬಂದ ಗೊರಿಲ್ಲಾ ಜೋಡಿ ಥಾಬೊ ಮತ್ತು ಡೆಂಬಾ. ಅವುಗಳ ಮುಂದೆ ಎದೆ ಬಡಿದು ತೋರಿಸುವುದು, ಕಣ್ಣಿಗೆ ಕಣ್ಣಿಟ್ಟು ದಿಟ್ಟಿಸುವುದು ಎರಡೂ ಗೊರಿಲ್ಲಾದ ಭಾಷೆಯಲ್ಲಿ ಜಗಳಕ್ಕೆ ಕರೆದಂತೆ. ಓರೆಯಾಗಿ ಕೂತು, ಸುಮ್ಮನೆ ಪಕ್ಕದ ನೋಟದಲ್ಲಿ ನೋಡಲು ಮಕ್ಕಳಿಗೆ ಹೇಳಿಕೊಡಿ.

ಅಜ್ಜ ಅಜ್ಜಿಯರಿಗೆ ಬ್ಯಾಟರಿ ವಾಹನವಿದೆ, ಬೇರೆ ಟಿಕೆಟ್. ಅದು ಹೊತ್ತೇರಿದಂತೆ ಸಿಗುವುದು ಕಷ್ಟ, ಬೆಳಿಗ್ಗೆಯೇ ಹಿಡಿಯಬೇಕು. ಆದರೆ ವಾಹನ ಎಲ್ಲ ಕಡೆ ಬೇಕಾದಷ್ಟು ಹೊತ್ತು ನಿಲ್ಲುವುದಿಲ್ಲ, ಮಕ್ಕಳನ್ನು ಅದರಲ್ಲಿ ಕೂರಿಸಿದರೆ ನಿಂತು ನೋಡುವ ಉದ್ದೇಶವೇ ಕೈಬಿಟ್ಟಂತೆ. ಹಿರಿಯರು ವಾಹನದಲ್ಲಿ, ಮಕ್ಕಳು ಕಾಲ್ನಡಿಗೆಯಲ್ಲಿ, ಕೊನೆಗೆ ಒಂದು ಜಾಗದಲ್ಲಿ ಸೇರುವುದು ಸರಿಯಾದ ಏರ್ಪಾಡು.

ಮಕ್ಕಳು ಕೇಳುವ ಎರಡು ಪ್ರಶ್ನೆ

ಮೊದಲನೆಯದು: ನಮ್ಮ ಊರಿನಲ್ಲಿ ಹಿಡಿದ ಹುಲಿ ಇದೇನಾ? ಕೊಡಗಿನ ಮಕ್ಕಳು ಇದನ್ನು ಖಂಡಿತ ಕೇಳುತ್ತಾರೆ. ಅರಿವಳಿಕೆ ಕೊಟ್ಟು, ಬೋನಿನಲ್ಲಿ ತುಂಬಿ ಮೈಸೂರಿಗೆ ಸಾಗಿಸಿದರು ಎಂದು ಅವರು ಕೇಳಿರುತ್ತಾರೆ. 2023ರ ಫೆಬ್ರವರಿಯಲ್ಲಿ ಕುಟ್ಟದ ಕಡೆ ಇಬ್ಬರ ಜೀವ ತೆಗೆದ ಹುಲಿಯನ್ನು ಹಿಡಿದು ಸಾಗಿಸಿದ್ದು ಮೈಸೂರಿನ ಹೊರವಲಯದ ಕೂರ್ಗಳ್ಳಿಯ ಪುನರ್ವಸತಿ ಕೇಂದ್ರಕ್ಕೆ. ಆ ಕೇಂದ್ರಕ್ಕೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಗಾಯಗೊಂಡ, ಮುದಿಯಾದ, ಸಂಘರ್ಷದಲ್ಲಿ ಸಿಕ್ಕ ಪ್ರಾಣಿಗಳಿಗೆ ಜನರ ಕಣ್ಣು ತಪ್ಪಿಸಿ ಬದುಕುವ ಜಾಗ ಬೇಕು, ಅದು ಅಲ್ಲಿದೆ ಎಂದು ಮಗುವಿಗೆ ನೇರವಾಗಿ ಹೇಳಿ. ‘ಹೌದು, ಇದೇ’ ಎಂದು ಸುಳ್ಳು ಹೇಳಿದರೆ ಆ ಮಗು ಕಂಬಿಯಾಚೆಯ ಹುಲಿಯನ್ನು ಅಪರಾಧಿಯಂತೆ ನೋಡಲು ಶುರು ಮಾಡುತ್ತದೆ.

ಎರಡನೆಯದು: ಇದು ಜೈಲಾ? ಇದಕ್ಕೂ ತೇಲಿಸುವ ಉತ್ತರ ಬೇಡ. ಇಲ್ಲಿರುವುದರಲ್ಲಿ ಬಹಳಷ್ಟು ಮೃಗಾಲಯಗಳಲ್ಲೇ ಹುಟ್ಟಿದವು, ಕೆಲವು ಬೇರೆ ಮೃಗಾಲಯಗಳಿಂದ ವಿನಿಮಯವಾಗಿ ಬಂದವು, ಕೆಲವು ತಾಯಿ ಸತ್ತು ಸಿಕ್ಕ ಮರಿಗಳು. ಕಾಡಿಗೆ ಬಿಟ್ಟರೆ ಬೇಟೆಯಾಡಲು ಗೊತ್ತಿಲ್ಲದವು. ಆದರೂ ಕಾಡು ಇದಕ್ಕಿಂತ ದೊಡ್ಡದು ಎಂಬುದು ನಿಜ, ಅದನ್ನೂ ಹೇಳಿ. ಒಂದು ಪ್ರಾಣಿ ಒಂದೇ ಗೆರೆಯಲ್ಲಿ ಹಿಂದೆ ಮುಂದೆ ನಡೆಯುತ್ತಲೇ ಇದ್ದರೆ ಅದು ಬೇಸರದ್ದೋ ಒತ್ತಡದ್ದೋ ಲಕ್ಷಣವಾಗಿರಬಹುದು, ಊಟಕ್ಕೆ ಕಾಯುತ್ತಿರುವುದೂ ಆಗಿರಬಹುದು. ಇದನ್ನು ತಗ್ಗಿಸಲೆಂದೇ ಆವರಣದಲ್ಲಿ ಮರದ ದಿಮ್ಮಿ, ಅಟ್ಟಣಿಗೆ, ತೂಗುವ ಹಗ್ಗ, ಬಚ್ಚಿಟ್ಟ ಆಹಾರ ಇಡುತ್ತಾರೆ. ಅವು ಎಲ್ಲಿವೆ ಎಂದು ಹುಡುಕುವುದನ್ನೇ ಮಕ್ಕಳಿಗೆ ಒಂದು ಆಟ ಮಾಡಬಹುದು.

ಕೂಗುವುದು, ಕಲ್ಲೆಸೆಯುವುದು, ತಿನ್ನಿಸುವುದು ಬರೀ ಬೋರ್ಡಿನ ಮಾತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ವಿಧಿಯ ಪ್ರಕಾರ ಮೃಗಾಲಯದ ಪ್ರಾಣಿಯನ್ನು ಕೆಣಕುವುದು, ಅದಕ್ಕೆ ತಿನ್ನಲು ಕೊಡುವುದು, ಗದ್ದಲ ಮಾಡುವುದು, ಕಸ ಹಾಕುವುದು ಎಲ್ಲವೂ ಅಪರಾಧ. ಒಂದು ಬಿಸ್ಕತ್ತಿನಿಂದ ಏನಾದೀತು ಎನ್ನುವವರಿಗೆ ಉತ್ತರವಿದೆ. ಜಿಂಕೆಯ ಹೊಟ್ಟೆ ಸೊಪ್ಪು ಹುಲ್ಲು ಹುಳಿಯಿಸಲೆಂದು ಇರುವ ಪಾತ್ರೆ. ಹಿಟ್ಟು ಸಕ್ಕರೆ ಅದರಲ್ಲಿ ವೇಗವಾಗಿ ಹುಳಿಯಾಗಿ ಹೊಟ್ಟೆ ಕೆಡಿಸುತ್ತದೆ. ಕೊಡುವವರು ನೀವೊಬ್ಬರೇ ಅಲ್ಲ, ಆ ದಿನ ಬಂದ ಸಾವಿರಾರು ಜನ. ಬಿಸ್ಕತ್ತಿನ ಜೊತೆ ಕವರೂ ಒಳಗೆ ಹೋದರೆ ಅದು ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ದೊಡ್ಡವರು ಹುಲಿಯನ್ನು ಎಬ್ಬಿಸಲು ‘ಹೋಯ್’ ಎಂದು ಕೂಗುವುದನ್ನು ಕಂಡ ಮಗುವೇ ಮುಂದೆ ತೋಟದಲ್ಲಿ ಆನೆಯನ್ನು ಕಂಡಾಗಲೂ ಕೂಗುತ್ತದೆ, ಅಲ್ಲಿ ಕಂದಕವಿರುವುದಿಲ್ಲ.

ಮಧ್ಯಾಹ್ನ

ಹನ್ನೊಂದಕ್ಕೆ ಹೊರಬಂದುಬಿಡಿ. ಕೈಕಾಲು ತೊಳೆದು, ಬುತ್ತಿ ಬಿಚ್ಚಿ, ಊಟವಾದ ಮೇಲೆ ಕಾರಂಜಿ ಕೆರೆ. ಅರಮನೆ, ಚಾಮುಂಡಿ ಬೆಟ್ಟ, ಕೆಆರ್‌ಎಸ್ ಯಾವುದನ್ನೂ ಆ ದಿನಕ್ಕೆ ಸೇರಿಸಬೇಡಿ. ಕೆರೆಯ ಏರಿಯ ಮೇಲೆ ನೆರಳಿದೆ, ಕೂರಲು ಜಾಗವಿದೆ, ನಾವೇ ಒಳಹೊಕ್ಕು ನಡೆಯುವಂಥ ದೊಡ್ಡ ಪಕ್ಷಿಪಂಜರವಿದೆ. ನವಿಲು ತಲೆಯ ಮಟ್ಟದಲ್ಲೇ ಅಡ್ಡಾಡುತ್ತದೆ. ಬೆಳಿಗ್ಗೆ ಎರಡೂವರೆ ಗಂಟೆಯಷ್ಟು ಹೊತ್ತು ನಡೆದ ಮಗುವಿಗೆ ಇಲ್ಲಿ ಕೂತು ನೋಡುವುದೇ ಕೆಲಸ, ಹಿರಿಯರಿಗೂ ಹಾಗೆಯೇ. ಕೆರೆಗೂ ಮಂಗಳವಾರವೇ ರಜೆ.

ಮೈಸೂರೊಂದೇ ಅಲ್ಲ

ಮೂರು ವರ್ಷದೊಳಗಿನ ಮಕ್ಕಳಿಗೆ ಮೈಸೂರಿನ ಪ್ರಯಾಣವೇ ಬೇಡ ಎನ್ನಬಹುದು. ಕುಶಾಲನಗರದ ಕಾವೇರಿ ನಿಸರ್ಗಧಾಮದ ಜಿಂಕೆ, ಮೊಲ, ಹಕ್ಕಿಗಳು, ತೂಗುಸೇತುವೆ ಆ ವಯಸ್ಸಿಗೆ ಧಾರಾಳ. ಮಳೆಗಾಲದಲ್ಲಿ ನದಿ ಉಕ್ಕಿದರೆ ಮುಚ್ಚುತ್ತಾರೆ. ದುಬಾರೆ ಮೃಗಾಲಯವಲ್ಲ, ಆನೆ ಶಿಬಿರ. ಸ್ನಾನ, ಆಹಾರ ಕೊಡುವುದನ್ನು ನೋಡಲು ಬೆಳಗಿನ ನಿಗದಿತ ಹೊತ್ತಿಗೇ ಹೋಗಬೇಕು. ಕಾವೇರಿ ತುಂಬಿದಾಗ ದೋಣಿ ನಿಲ್ಲಿಸುತ್ತಾರೆ, ನಾಪೋಕ್ಲು, ಭಾಗಮಂಡಲದ ಕಡೆ ಹಿಂದಿನ ದಿನ ಸುರಿದ ಮಳೆಯೇ ಅದರ ಸೂಚನೆ.

ಮಡಿಕೇರಿ, ಸಂಪಾಜೆ, ನಾಪೋಕ್ಲು ಕಡೆಯವರು ಪಿಲಿಕುಳವನ್ನು ಮರೆಯುತ್ತಾರೆ. ಮರೆಯಬಾರದು. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಅದು ನೀರು ಕುಡಿಯಲು ಬರುತ್ತಿದ್ದ ಕೊಳ ಪಿಲಿಕುಳ. ಮಡಿಕೇರಿಯಿಂದ ಸುಳ್ಯ, ಪುತ್ತೂರು ದಾಟಿ ಸುಮಾರು 140 ಕಿ.ಮೀ. ಅಲ್ಲಿನ ಹೆಗ್ಗಳಿಕೆ ಕಾಳಿಂಗ ಸರ್ಪ. ಅದನ್ನು ಅಲ್ಲಿ ಮರಿ ಮಾಡಿಸಿ ಬೆಳೆಸಿದ್ದಾರೆ. ಎಲೆ ತರಗು ಗುಡ್ಡೆಹಾಕಿ ಗೂಡು ಕಟ್ಟುವ ಹಾವು ಜಗತ್ತಿನಲ್ಲಿ ಅದೊಂದೇ, ಅದರ ಮುಖ್ಯ ಆಹಾರ ಬೇರೆ ಹಾವುಗಳು. ತೋಟದ ಬೇಲಿಯಲ್ಲಿ ಕಾಳಿಂಗ ಕಂಡರೆ ಬೆಚ್ಚುವ ಮನೆಗಳಿಗೆ ಗಾಜಿನಾಚೆ ಅದನ್ನು ನಿಧಾನವಾಗಿ ನೋಡುವುದು ದೊಡ್ಡ ಪಾಠ. ಆದರೆ ಕರಾವಳಿಯ ಸೆಕೆಯನ್ನು ಲೆಕ್ಕಕ್ಕಿಡಿ, ನೀರು ಒಂದೂವರೆ ಪಟ್ಟು ಬೇಕು. ಮೃಗಾಲಯ, ವಿಜ್ಞಾನ ಕೇಂದ್ರ, ತಾರಾಲಯಗಳು ಒಂದಕ್ಕೊಂದು ದೂರ, ಟಿಕೆಟೂ ಬೇರೆ. ಬೆಳಿಗ್ಗೆ ಪ್ರಾಣಿಗಳು, ಮಧ್ಯಾಹ್ನದ ಸೆಕೆಯಲ್ಲಿ ತಾರಾಲಯ. ಈ ಕ್ರಮ ತಿರುಗಿಸಬೇಡಿ. 2018ರ ಆಗಸ್ಟಿನಲ್ಲಿ ಸಂಪಾಜೆ ಘಾಟಿಯೇ ಕುಸಿದು ರಸ್ತೆ ಮುಚ್ಚಿದ್ದನ್ನು ಕಂಡವರಿಗೆ ಮಳೆಗಾಲದಲ್ಲಿ ಆ ದಾರಿ ಬೇಡವೆಂದು ಬೇರೆ ಹೇಳಬೇಕಿಲ್ಲ. ಬನ್ನೇರುಘಟ್ಟ, ತ್ಯಾವರೆಕೊಪ್ಪ ಎರಡಕ್ಕೂ ಒಂದು ರಾತ್ರಿ ತಂಗಲೇಬೇಕು. ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ಜೊತೆ ಮಾಡಿಕೊಳ್ಳಿ.

ವಾಪಸು

ಮೈಸೂರಿನಿಂದ 2.30ಕ್ಕೆ ಹೊರಟರೆ ಕತ್ತಲಾಗುವ ಮೊದಲು ಎಲ್ಲರೂ ಮನೆ ಸೇರಬಹುದು. ಗೋಣಿಕೊಪ್ಪದ ಕಡೆಯವರಿಗೆ ಇದು ಇನ್ನೂ ಮುಖ್ಯ. ಆನೆಚೌಕೂರಿನಿಂದ ತಿತಿಮತಿಯ ತನಕ ನಾಗರಹೊಳೆಯ ಕಾಡು, ಸಂಜೆ ಐದರ ಮೇಲೆ ಆನೆಗಳು ರಸ್ತೆ ದಾಟುವ ಹೊತ್ತು. ಮಕ್ಕಳಿಗೆ ಮೂತ್ರ ವಿಸರ್ಜನೆ, ತಿಂಡಿ, ಬಟ್ಟೆ ಬದಲಿಸುವುದು ಎಲ್ಲವನ್ನೂ ಹುಣಸೂರಿನಲ್ಲೇ ಮುಗಿಸಿ. ಮತ್ತಿಗೋಡು ಶಿಬಿರದ ಆನೆ ರಸ್ತೆಯ ಬದಿಯಲ್ಲಿ ಕಂಡರೂ ಕಾಡಿನೊಳಗೆ ಕಾರಿನಿಂದ ಇಳಿಯಬಾರದು. ಸರಪಳಿ ಇದೆಯೋ ಇಲ್ಲವೋ ಎಂದು ಮುಸ್ಸಂಜೆಯಲ್ಲಿ ದೂರದಿಂದ ಗೊತ್ತಾಗುವುದಿಲ್ಲ.

ಕಾಡಾನೆ ರಸ್ತೆಯಲ್ಲೇ ನಿಂತಿದ್ದರೆ ದೂರದಲ್ಲೇ ಕಾರು ನಿಲ್ಲಿಸಿ. ಹಾರ್ನ್ ಬೇಡ, ಹೈಬೀಮ್ ಬೇಡ, ಎಂಜಿನ್ ಆರಿಸಬೇಡಿ. ಹಿಂದಿನ ವಾಹನಕ್ಕೆ ಹಜಾರ್ಡ್ ದೀಪದಿಂದ ಸೂಚನೆ ಕೊಟ್ಟು, ಹಿಂದಕ್ಕೆ ಸರಿಯಲು ಜಾಗ ಉಳಿಸಿಕೊಳ್ಳಿ. ಒಂದು ದಾಟಿದ ತಕ್ಷಣ ಹೊರಡಬೇಡಿ. ಮರಿಯಿರುವ ಹಿಂಡಾದರೆ ಉಳಿದವು ಇನ್ನೂ ಲಂಟಾನದ ಪೊದೆಯೊಳಗೇ ಇರುತ್ತವೆ. ಕಿಟಕಿ ಏರಿಸಿ, ಮಕ್ಕಳು ಪಿಸುಮಾತಿನಲ್ಲಿ ಕಿವಿಯ ಅಳತೆ, ಬೆನ್ನಿನ ಉಬ್ಬು ಎಣಿಸಿಕೊಳ್ಳುತ್ತಿರಲಿ. ಕೊನೆಯ ಆನೆ ಒಳಗೆ ಸರಿದು, ಕೊಂಬೆ ಮುರಿಯುವ ಸದ್ದು ದೂರವಾದ ಮೇಲೆ ಗೇರ್ ಹಾಕಿ.